ಬಂಪರಿಗೆ ಅಂಟಿಕೊಂಡ ವಕೀಲ

ಗಂಡಸಿನ ಬಾಳಿನಲ್ಲಿ ಒಂದು ವಯಸ್ಸು ಬರುತ್ತದೆ. ತಲೆಯ ಕೂದಲು ಹಿಂದಕ್ಕೆ ಸರಿದು, ಹೊಟ್ಟೆ ಮುಂದಕ್ಕೆ ಬಂದು, ಮನೆಯಲ್ಲಿ ತನ್ನ ಮಾತಿಗೆ ಮೊದಲಿನ ಮರ್ಯಾದೆ ಉಳಿದಿಲ್ಲ ಎಂಬ ಅನುಮಾನ ಗಟ್ಟಿಯಾಗುವ ಹೊತ್ತಿಗೆ ಅವನ ಕೈ ತಾನಾಗಿಯೇ ಸ್ಕ್ರೂಡ್ರೈವರನ್ನು ಹುಡುಕತೊಡಗುತ್ತದೆ. ಹೆಂಡತಿಯನ್ನು ತಿದ್ದಲು ಆಗಲಿಲ್ಲ, ಮಕ್ಕಳು ಕೈಗೆ ಸಿಗುವುದಿಲ್ಲ, ಸರ್ಕಾರವಂತೂ ದೂರದ ಮಾತು. ತಿರುಗಿ ಮಾತಾಡದ ಸಾಮಾನುಗಳಾದರೂ ತನ್ನ ಕೈಯಲ್ಲಿ ಸರಿಯಾಗಲಿ ಎಂಬ ಆಸೆ. ನನಗೆ ಈ ಕಾಯಿಲೆ ಹತ್ತಿದ್ದು ನಲವತ್ತೈದು ದಾಟಿದ ಮೇಲೆ. ಮೊದಲು ಬಲಿಯಾದದ್ದು ಗೋಡೆ ಗಡಿಯಾರ. ನಾನು ಬಿಚ್ಚಿ ಜೋಡಿಸಿದ ಮೇಲೆ ಅದು ನಿಲ್ಲಲಿಲ್ಲ ಎಂಬುದು ನಿಜ, ಆದರೆ ಊಟದ ಹೊತ್ತಿಗೆ ಏಳು ಹೊಡೆಯುವ ಹೊಸ ಅಭ್ಯಾಸ ಮಾಡಿಕೊಂಡಿತು. ಆಮೇಲೆ ಮಿಕ್ಸಿ. ಯಾರಾದರೂ ಒಬ್ಬರು ಅದರ ನೆತ್ತಿಯ ಮೇಲೆ ಅಂಗೈಯಿಟ್ಟು ಅದುಮಿ ಹಿಡಿದರೆ ಮಾತ್ರ ತಿರುಗುವಂತೆ ಅದನ್ನು ಸರಿಮಾಡಿಕೊಟ್ಟೆ. ಇಸ್ತ್ರಿ ಪೆಟ್ಟಿಗೆಯ ವಿಷಯ ಬೇಡ. ಅದರಿಂದ ಪಕ್ಕದ ಮನೆಯ ಫ್ಯೂಸೂ ಹೋಯಿತು. ನಾನು "ಅದನ್ನು ನಾನೇ ನೋಡ್ತೀನಿ ಬಿಡು" ಎಂದು ಬಾಯಿಬಿಟ್ಟ ಕೂಡಲೇ ನನ್ನ ಹೆಂಡತಿ ವಿಶಾಲಾಕ್ಷಿ ಸುತ್ತಮುತ್ತ ಇರುವ ಒಡೆಯುವ ಸಾಮಾನುಗಳನ್ನೆಲ್ಲ ಒಳಗೆ ಎತ್ತಿಡುತ್ತಿದ್ದಳು.

ನಾನು ವೃತ್ತಿಯಲ್ಲಿ ವಕೀಲ. ಮನೆ ಭಂಡಿಗಡಿಯಲ್ಲಿ, ಕೆಲಸ ಕೊಪ್ಪದ ಕೋರ್ಟಿನಲ್ಲಿ. ಹೆಚ್ಚಾಗಿ ಹಿಡಿಯುತ್ತಿದ್ದದ್ದು ಗಡಿ ತಕರಾರು ಮತ್ತು ವಾಹನ ಅಪಘಾತದ ಕೇಸುಗಳನ್ನು. ಗುದ್ದಿದ ಡ್ರೈವರುಗಳನ್ನು ಕಟಕಟೆಯಲ್ಲಿ ನಿಲ್ಲಿಸಿ, "ಹಾಗಾದರೆ ನೀವು ಹಿಂದೆ ನೋಡದೆ ಗಾಡಿ ತೆಗೆದಿರಿ ಎಂದಾಯಿತು" ಎಂದು ತಣ್ಣಗೆ ಕೇಳುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ವಿಶಾಲಾಕ್ಷಿ ಕೊಪ್ಪದಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷ ಕಳೆದಿತ್ತು. ಊರಿಗೊಂದರಂತೆ ಕಾರುಗಳು ಬರತೊಡಗಿದ್ದವು. ನಾವೂ ಒಂದು ಬಿಳಿಯ ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೆವು. ಬೇಸಿಗೆ ರಜೆಯಲ್ಲಿ ಸೀತೂರಿನ ತವರಿಗೆ ಹೋದವಳು ದಿನಾ ನರಸಿಂಹರಾಜಪುರಕ್ಕೆ ಓಡಾಡಿ ಡ್ರೈವಿಂಗ್ ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡು ಬಂದಳು. ಕಾರಿನ ಕೀಲಿ ಕೇಳಿದಳು. ಕೊಡುವುದಿಲ್ಲ ಎಂದು ನಾನು ಒಂದು ದಿನವೂ ಹೇಳಲಿಲ್ಲ; ವಕೀಲರು ಹಾಗೆ ಹೇಳುವುದಿಲ್ಲ, ವಾಯಿದೆ ತೆಗೆದುಕೊಳ್ಳುತ್ತಾರೆ. ಮಳೆ ಮುಗಿಯಲಿ, ರಸ್ತೆ ಜಾರುತ್ತದೆ ಎಂದೆ. ಮಳೆ ಮುಗಿದ ಮೇಲೆ, ರಸ್ತೆ ಗುಂಡಿಬಿದ್ದಿದೆ, ಅದು ರಿಪೇರಿಯಾಗಲಿ ಎಂದೆ. ರಿಪೇರಿಯಾದ ಮೇಲೆ, ಈಗ ಎಲ್ಲರೂ ಜೋರಾಗಿ ಓಡಿಸುತ್ತಾರೆ, ಸ್ವಲ್ಪ ತಡಿ ಎಂದೆ. ಅವಳು ಬಸ್ಸಿನಲ್ಲಿ ಹೋಗಿಬಂದಳು. ನಾನು ಅವಳ ಬಸ್ಸಿನ ಹಿಂದೆ ಕಾರಿನಲ್ಲಿ ಹೋಗಿಬಂದೆ.

ಹೀಗಿರುವಾಗ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಒಂದು ಬೇಲಿ ತಕರಾರು ಬಂತು. ನನ್ನ ಕಕ್ಷಿದಾರನಿಗೂ ಪಕ್ಕದ ಮನೆಯವನಿಗೂ ಅಂಗಳದ ನಡುವೆ ಹಾಕಿದ ಬೇಲಿಯ ಬಗ್ಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಜಾಗ ನೋಡಿಕೊಂಡು ಬರೋಣವೆಂದು ಒಂದು ಶನಿವಾರ ಕಾರು ತೆಗೆದುಕೊಂಡು ಹೋದೆ. ನೋಡಿದ್ದಾಯಿತು, ಕಾಫಿಯಾಯಿತು. ಹೊರಡುವಾಗ ಆ ಇಕ್ಕಟ್ಟಿನ ಅಂಗಳದಲ್ಲಿ ಕಾರು ತಿರುಗಿಸಬೇಕು. ವಕೀಲರ ಕಾರು ರಿವರ್ಸ್ ಬರುತ್ತಿದೆ ಎಂದ ಕೂಡಲೇ ಬೇಲಿಯ ಈಚೆಯಿಂದ ನನ್ನ ಕಕ್ಷಿದಾರ, ಆಚೆಯಿಂದ ಎದುರು ಪಾರ್ಟಿ, ಇಬ್ಬರೂ ದಾರಿ ತೋರಿಸಲು ಬಂದು ನಿಂತರು. ನನ್ನ ಕಕ್ಷಿದಾರ "ಬರ್ಲಿ, ಇನ್ನೂ ಬರ್ಲಿ" ಅಂದ. ಎದುರು ಪಾರ್ಟಿಯವನು "ಸಾಕು ಸಾಕು, ಒರಳು ಇದೆ" ಅಂದ. ನಾನು ಇಪ್ಪತ್ತು ವರ್ಷ ವಕೀಲಿಕೆ ಮಾಡಿದವನು. ನನ್ನ ಕಕ್ಷಿದಾರನ ಮಾತನ್ನು ಬಿಟ್ಟು ಎದುರು ಪಾರ್ಟಿಯ ಮಾತನ್ನು ನಂಬುವುದು ಹೇಗೆ? ಬಂದೆ. ಹಿಂದಿನ ಕಾಲದ ರುಬ್ಬುವ ಒರಳೊಂದು ಅರ್ಧ ಮಣ್ಣಿನಲ್ಲಿ ಹೂತು ಕೂತಿತ್ತು. ತೆಂಗಿನಕಾಯಿ ಒಡೆದಂತೆ ಒಂದು ಸದ್ದಾಯಿತು. ಇಳಿದು ನೋಡಿದರೆ ಹಿಂದಿನ ಬಂಪರ್ ಒಂದು ಕಡೆ ಬೋಗುಣಿಯಷ್ಟು ಒಳಕ್ಕೆ ಹೋಗಿ, ಅಲ್ಲಿಂದ ಒಂದು ಬಿರುಕು ನಂಬರ್ ಪ್ಲೇಟಿನವರೆಗೂ ಹೊರಟಿತ್ತು. ಮಾತು ಬಿಟ್ಟಿದ್ದ ಆ ಇಬ್ಬರೂ ಅಕ್ಕಪಕ್ಕ ನಿಂತು ಬಗ್ಗಿ ನೋಡಿ, ಪಾಪ ಅಂದರು. ಅವರು ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮನೆಗೆ ಬಂದಾಗ ವಿಶಾಲಾಕ್ಷಿ ಕಾರಿನ ಸುತ್ತ ಒಂದು ಸುತ್ತು ಬಂದಳು.

"ಎಂತಕ್ಕೆ ತಾಗಿತು?" ಎಂದು ಕೇಳಿದಳು.

"ಒರಳಿಗೆ."

"ಒರಳು ಯಾವ ಕಡೆಯಿಂದ ಬಂತು?"

ಇಷ್ಟು ವರ್ಷ ನಾನು ಕೋರ್ಟಿನಲ್ಲಿ ಕೇಳಿದ ಸಾವಿರಾರು ಪ್ರಶ್ನೆಗಳಲ್ಲಿ ಒಂದಾದರೂ ಇಷ್ಟು ಚೊಕ್ಕವಾಗಿರಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು. ಅವಳು ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಬೈದಿದ್ದರೆ ಒಂದಿಷ್ಟು ವಾದ ಮಾಡಬಹುದಿತ್ತು. ಬೈಯಲಿಲ್ಲ. 

ಗ್ಯಾರೇಜಿಗೆ ಕೊಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಮ್ಮ ಕೊಪ್ಪದ ಗ್ಯಾರೇಜು ಇರುವುದು ವಕೀಲರೆಲ್ಲ ಚಹಾ ಕುಡಿಯುವ ಹೋಟೆಲಿನ ಎದುರಿಗೆ. ಅಲ್ಲಿ ನಿಲ್ಲಿಸಿದ ಕಾರು ಪತ್ರಿಕೆಯಲ್ಲಿ ಹಾಕಿದ ಜಾಹೀರಾತಿದ್ದ ಹಾಗೆ. ನನ್ನ ಪಾಟೀಸವಾಲಿಗೆ ಸಿಕ್ಕಿ ಬೆವರಿದ ಡ್ರೈವರುಗಳು, ಅವರ ಪರ ವಾದಿಸಿ ಸೋತ ವಕೀಲರು, ಎಲ್ಲರೂ ಗ್ಲಾಸು ಹಿಡಿದುಕೊಂಡೇ ರಸ್ತೆ ದಾಟಿ ಬಂದು, "ಹಾಗಾದರೆ ತಾವು ಹಿಂದೆ ನೋಡದೆ..." ಎಂದು ಶುರುಮಾಡುತ್ತಾರೆ. ಅದಕ್ಕೇ ಬಂಪರನ್ನು ಮನೆಯಲ್ಲೇ ಸರಿಮಾಡುವುದು ಎಂದು ತೀರ್ಮಾನಿಸಿದೆ. ಆ ವಾರ ಕಾರನ್ನು ಮನೆಯಲ್ಲೇ ಬಿಟ್ಟು, ಕೊಪ್ಪದ ಬ್ರೌಸಿಂಗ್ ಸೆಂಟರಿಗೆ ಬಸ್ಸಿನಲ್ಲಿ ಹೋಗಿ ಕೂತು, ಕರೆಂಟು ಹೋಗಿ ಬಂದು ಹೋಗಿ ಬಂದು, ಕೊನೆಗೆ ಒಂದು ವೆಬ್‌ಸೈಟಿನಿಂದ ಬಂಪರ್ ರಿಪೇರಿಯ ವಿಧಾನವನ್ನು ಪ್ರಿಂಟ್ ತೆಗೆಸಿಕೊಂಡೆ. ಯಾವುದೋ ಶೀತದೇಶದ ಮಹಾನುಭಾವ ಬರೆದದ್ದು. ಪ್ರತಿ ಮನೆಗೂ ಎರಡು ಕಾರು ಹಿಡಿಯುವ ಗ್ಯಾರೇಜು, ಅದರಲ್ಲಿ ಬಿಸಿಗಾಳಿ ಊದುವ ಬಂದೂಕು, ಊರಿಗೆ ಸಾಲುವಷ್ಟು ಸ್ಪ್ಯಾನರುಗಳು ಇದ್ದೇ ಇರುತ್ತವೆ ಎಂದು ಆತ ತಿಳಿದಂತಿತ್ತು. ನಾನು ಮಲೆನಾಡಿನವನು, ಇದ್ದುದರಲ್ಲಿ ಹೊಂದಿಸಿಕೊಂಡೆ. ಬಿಸಿಗಾಳಿಯ ಬಂದೂಕಿನ ಬದಲು ಬಚ್ಚಲ ಹಂಡೆಯ ಕುದಿನೀರು. ಪ್ಲಾಸ್ಟಿಕ್ ಬೆಸೆಯುವ ಯಂತ್ರದ ಬದಲು ಹಿಂದೆ ರೇಡಿಯೋ ಕೆಡಿಸಲು ತಂದಿದ್ದ ಸೋಲ್ಡರಿಂಗ್ ಕಡ್ಡಿ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಎಚ್ಚರಿಕೆಯ ಮಾತುಗಳಿದ್ದವು. ಎಚ್ಚರಿಕೆಯ ಮಾತುಗಳನ್ನು ಬರೆಯುವವರು ವಕೀಲರು, ಬರೆಯುವುದು ನಾಳೆ ಕೇಸು ಬಿದ್ದರೆ ಇರಲಿ ಎಂದು. ಇದು ನನಗೆ ಗೊತ್ತಿರುವುದರಿಂದ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಕೆಲಸಕ್ಕೆ ಇಳಿದೆ. ನಾನು ಹಳೇ ಲುಂಗಿ ಬಿಟ್ಟು ಹಳೇ ಪ್ಯಾಂಟು ಹಾಕಿದ್ದನ್ನು ಬೇಲಿಯಾಚೆಯಿಂದ ಕಂಡು ಪಕ್ಕದ ಮನೆಯ ಚನ್ನಬಸಪ್ಪನವರು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದರು. ಬಾಳೆಹೊನ್ನೂರು ಕಡೆಯವರು, ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರ ಜಮೀನು ಅಳೆದು ಅಭ್ಯಾಸವಾಗಿ, ಈಗ ಬೇರೆಯವರ ಕೆಲಸವನ್ನು ಅಳೆಯುತ್ತಿದ್ದರು. ಅವರಿಗೆ ದಮ್ಮಿನ ತೊಂದರೆ ಇತ್ತು, ಆದರೆ ಮಾತಿಗೆ ಆ ತೊಂದರೆ ಇರಲಿಲ್ಲ. ಶೀಟು ಹೊದಿಸಿದ ನಮ್ಮ ಕಾರ್ ಶೆಡ್ಡಿನ ಬಾಯಿಯಲ್ಲಿ ಕುರ್ಚಿ ಹಾಕಿ ಕೂತು, ಜೇಬಿನಿಂದ ಟೇಪು ತೆಗೆದು ಬಿರುಕಿನ ಉದ್ದ ಅಳೆದು, ಇದು ಪಶ್ಚಿಮದಿಂದ ಪೂರ್ವಕ್ಕೆ ಹೋಗಿದೆ ಎಂದು ತಿಳಿಸಿದರು. ಬಂಪರ್ ಬಿಚ್ಚಬೇಕೋ ಬೇಡವೋ ಎಂಬ ಬಗ್ಗೆ ಅವರೂ ನಾನೂ ಒಂದು ಗಂಟೆ ಚರ್ಚಿಸಿದೆವು. ಅಷ್ಟರಲ್ಲಿ ದಾರಿಯಲ್ಲಿ ಹೋಗುವವರೆಲ್ಲ ಗೇಟಿನ ಹತ್ತಿರ ನಿಂತು ತಮ್ಮ ತಮ್ಮ ಅಭಿಪ್ರಾಯ ಕೊಟ್ಟು ಹೋದರು. ಒಬ್ಬ ಹೊಸದು ಹಾಕಿಸಿ ಅಂದ. ಇನ್ನೊಬ್ಬ, ಬಂಪರ್ ಇರುವುದೇ ಗುದ್ದಿಸಿಕೊಳ್ಳಲು, ಬಿಡಿ ಮಾರಾಯ್ರೆ ಅಂದ. ಇದೇ ಸರಿಯಾದ ಮಾತಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಬಿಚ್ಚಿದೆ. ಬಿಚ್ಚುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಬಂಪರ್ ಇಲ್ಲದ ಕಾರಿನ ಹಿಂಭಾಗವನ್ನು ನೀವು ನೋಡಿರದಿದ್ದರೆ ನೋಡದಿರುವುದೇ ಒಳ್ಳೆಯದು. ಹಲ್ಲಿನ ಸೆಟ್ಟು ತೆಗೆದಿಟ್ಟ ಹಿರಿಯರನ್ನು ಬೆಳಗಿನ ಹೊತ್ತು ಕಂಡ ಹಾಗಿರುತ್ತದೆ. ನಂಬರ್ ಪ್ಲೇಟೂ ಬಂಪರಿನ ಜೊತೆಗೇ ಬಂತು. ಬಂಪರನ್ನು ಅಂಗಳದಲ್ಲಿ ಮಲಗಿಸಿ, ಹಂಡೆಯಿಂದ ಕುದಿನೀರು ತಂದು ತಗ್ಗಿನ ಮೇಲೆ ಸುರಿದು, ಒಳಗಿನಿಂದ ಮಂಡಿಯಲ್ಲಿ ಒತ್ತಿದೆ. ಟಪ್ಪ್ ಎಂದು ತಗ್ಗು ಹೊರಗೆ ಬಂತು. ನಿಜವಾಗಿಯೂ ಬಂತು. ಕೊಂಕಿಲ್ಲ, ಗುರುತಿಲ್ಲ. ನನ್ನ ಬಾಳಿನಲ್ಲಿ ನಾನು ಮುಟ್ಟಿದ ಒಂದು ವಸ್ತು ಮೊದಲಿಗಿಂತ ಚೆನ್ನಾದದ್ದು ಅದೇ ಮೊದಲು. ಚನ್ನಬಸಪ್ಪನವರು ಕುರ್ಚಿಯಿಂದ ಎದ್ದು ಕೈಕುಲುಕಿದರು. ವಿಶಾಲಾಕ್ಷಿಯನ್ನು ಕೂಗಿ ಕರೆದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿ, "ಇಷ್ಟಕ್ಕೇ ನಿಲ್ಲಿಸಿ. ಬಿರುಕು ಇದ್ರೆ ಇರ್ಲಿ" ಅಂದಳು. ಗೆಲ್ಲುತ್ತಿರುವ ವಕೀಲನಿಗೆ ರಾಜಿ ಮಾಡಿಕೋ ಎಂದು ಹೇಳಿದರೆ ಅವನು ಕೇಳುತ್ತಾನೆಯೇ? ನಾನು ನಕ್ಕು, ಬಂಪರನ್ನು ಶೆಡ್ಡಿನೊಳಗೆ ತೆಗೆದುಕೊಂಡು ಹೋಗಿ ಸೋಲ್ಡರಿಂಗ್ ಕಡ್ಡಿಯ ಪ್ಲಗ್ ಚುಚ್ಚಿದೆ.

ಕಾಯಿಸಿದ ಕಡ್ಡಿಯನ್ನು ಬಿರುಕಿನ ಅಂಚಿಗೆ ಎಳೆದರೆ ಪ್ಲಾಸ್ಟಿಕ್ ಕರಗಿ ಎರಡೂ ಕಡೆ ಕೂಡಿಕೊಳ್ಳಬೇಕು, ಹಾಗೆಂದು ಬರೆದಿತ್ತು. ಕರಗಿತು. ಕೂಡಿಕೊಳ್ಳಲಿಲ್ಲ. ಬದಲಿಗೆ ಕಪ್ಪು ಹೊಗೆ ಎದ್ದು ಶೀಟಿನ ಕೆಳಗೆ ತುಂಬಿಕೊಂಡಿತು. ಗಾಳಿಯಾಡುವ ಜಾಗದಲ್ಲಿ ಮಾಡತಕ್ಕದ್ದು ಎಂಬ ಸಾಲು ನಾನು ಓದದ ಪುಟದಲ್ಲಿತ್ತಂತೆ. ಚನ್ನಬಸಪ್ಪನವರು ಎರಡು ಸಲ ಕೆಮ್ಮಿದರು. ಆದರೆ ಬಿರುಕಿನ ಒಂದು ಕೊನೆಯಲ್ಲಿ ನಾನು ಬಿಟ್ಟ ಸಂದನ್ನು ತೋರಿಸುವ ಹುಮ್ಮಸ್ಸಿನಲ್ಲಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಮುಖವನ್ನು ಹೊಗೆಯೊಳಗೇ ಇಟ್ಟರು. ಬೆಸುಗೆಯಿಂದ ಆಗದ್ದನ್ನು ಅಂಟಿನಿಂದ ಮಾಡೋಣವೆಂದು ನಾನು ಚಪ್ಪಲಿ ಅಂಟಿಸಲು ತಂದಿದ್ದ, ಕ್ಷಣದಲ್ಲಿ ಹಿಡಿದುಕೊಳ್ಳುವ ಪುಟ್ಟ ಟ್ಯೂಬನ್ನು ತೆಗೆದೆ. ಮೂತಿ ಗಟ್ಟಿಯಾಗಿತ್ತು. ಹಿಂಡಿದೆ. ಹಿಂದಿನಿಂದ ಒಡೆಯಿತು. ಅಷ್ಟೂ ಅಂಟು ಬಿರುಕಿನ ಮೇಲೆ, ನನ್ನ ಬಲಗೈ ಬೆರಳುಗಳ ಮೇಲೆ ಹರಿಯಿತು. ಬಿರುಕು ಕೂಡಿಕೊಳ್ಳಲೆಂದು ಬೆರಳುಗಳಿಂದ ಒತ್ತಿ ಹಿಡಿದೆ. ಬಿರುಕು ಕೂಡಿಕೊಂಡಿತು, ಬೆರಳುಗಳೂ. ಬಿಡಿಸಿಕೊಳ್ಳಲು ಎಡಗೈ ಊರಿ ಎಳೆದೆ. ಅಂಗೈ ಅಲ್ಲೇ ನಿಂತಿತು.

ಈ ಸಂಗತಿಯನ್ನು ಚನ್ನಬಸಪ್ಪನವರಿಗೆ ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದಾಗ ಅವರು ಮಾತಾಡುವುದನ್ನು ನಿಲ್ಲಿಸಿದ್ದಾರೆ ಎಂಬುದು ಗಮನಕ್ಕೆ ಬಂತು. ತಲೆಯೆತ್ತಿ ನೋಡಿದೆ. ಎರಡೂ ಕೈ ಮಂಡಿಯ ಮೇಲೆ ಊರಿ, ಬಾಯಿ ತೆರೆದು ಗಾಳಿಯನ್ನು ಎಳೆಯುತ್ತಿದ್ದರು. ಎದೆಯೊಳಗಿಂದ ಸೀಟಿಯಂಥ ಸದ್ದು. ತುಟಿಯ ಬಣ್ಣ ಬದಲಾಗಿತ್ತು. ನಾನು ಕೂಗಿದ ಕೂಗಿಗೆ ವಿಶಾಲಾಕ್ಷಿ ಓಡಿಬಂದಳು, ಆಚೆಯಿಂದ ಅವರ ಹೆಂಡತಿ ಗಂಗಮ್ಮ ಬಂದರು. ಇಬ್ಬರೂ ಸೇರಿ ಅವರನ್ನು ಅಂಗಳಕ್ಕೆ ಕರೆತಂದರು. ಗಂಗಮ್ಮ ಮನೆಯೊಳಗೆ ಹೋಗಿ ದಮ್ಮಿನ ಪಂಪು ತಂದರು. ಒತ್ತಿದರೆ ಬರೀ ಟಿಕ್ ಟಿಕ್ ಎಂದಿತು, ಔಷಧಿ ಖಾಲಿ. ಮೊಬೈಲಿಗೆ ನಮ್ಮ ಮನೆಯ ಹತ್ತಿರ ಸಿಗ್ನಲ್ ಇರಲಿಲ್ಲ. ಲ್ಯಾಂಡ್‌ಲೈನಿನಿಂದ ವಿಶಾಲಾಕ್ಷಿ ಜೀಪಿನವನಿಗೆ ಹಚ್ಚಿದಳು. ಅವನು ಮದುವೆ ಬಾಡಿಗೆಗೆ ಶೃಂಗೇರಿಗೆ ಹೋಗಿದ್ದಾನೆ ಎಂದು ಅವನ ಮನೆಯವರು ಹೇಳಿದರು. ಅವಳು ಹೊರಗೆ ಬಂದು ನನ್ನ ಎದುರು ನಿಂತಳು.

"ಏಳಿ, ಕೊಪ್ಪಕ್ಕೆ ಹೋಗ್ಬೇಕು."

"ಏಳ್ಬಹುದು. ಆದ್ರೆ ಇದೂ ಏಳುತ್ತೆ" ಎಂದು ಬಂಪರ್ ಸಮೇತ ಎದ್ದು ನಿಂತು ತೋರಿಸಿದೆ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೇ ನೇರವಾಗಿ ಬಂದು ನನ್ನ ಪ್ಯಾಂಟಿನ ಜೇಬಿಗೆ ಕೈಹಾಕಿ ಕಾರಿನ ಕೀಲಿ ತೆಗೆದುಕೊಂಡಳು. ಎಷ್ಟೋ ಕಾಲದಿಂದ ನಡೆಯುತ್ತಿದ್ದ ದಾವೆ ಹಾಗೆ ಒಂದು ಮಾತೂ ಇಲ್ಲದೆ ತೀರ್ಮಾನವಾಯಿತು. ಚನ್ನಬಸಪ್ಪನವರನ್ನು ಮುಂದಿನ ಸೀಟಿನಲ್ಲಿ, ಗಂಗಮ್ಮನವರನ್ನು ಹಿಂದೆ ಕೂರಿಸಿ ತಾನು ಸ್ಟಿಯರಿಂಗಿನ ಮುಂದೆ ಕೂತಳು. ನಾನು ಬಂಪರನ್ನು ಹೊಟ್ಟೆಗೆ ಆನಿಸಿಕೊಂಡು ಕಾರಿನ ಪಕ್ಕಕ್ಕೆ ಓಡಿದೆ. ಗೇಟಿನ ಎಡಗಂಬ ಹತ್ತಿರ ಇದೆ, ಕ್ಲಚ್ಚು ನಿಧಾನ ಬಿಡು, ಮೊದಲು ಪೂರ್ತಿ ಬಲಕ್ಕೆ ತಿರುಗಿಸು ಎಂದೆಲ್ಲ ಹೇಳುತ್ತಲೇ ಇದ್ದೆ. ಅವಳು ಕಿಟಕಿಯ ಗಾಜು ಏರಿಸಿದಳು. ನನಗೆ ಕೊನೆಯದಾಗಿ ಹೊಳೆದದ್ದು ಕಾನೂನಿನ ತೊಡಕು. "ಹಿಂದೆ ನಂಬರ್ ಪ್ಲೇಟ್ ಇಲ್ಲ ಮಾರಾಯ್ತಿ" ಎಂದು ಗಾಜಿನ ಹೊರಗಿನಿಂದ ಕೂಗಿದೆ. ಕಾರು ಒಂದೇ ಸಲಕ್ಕೆ ರಿವರ್ಸ್‌ನಲ್ಲಿ ಗೇಟು ದಾಟಿ, ರಸ್ತೆಯ ಮೇಲೆ ಚೊಕ್ಕವಾಗಿ ತಿರುಗಿ, ಕೊಪ್ಪದ ಕಡೆಗೆ ಹೋಯಿತು. ಆ ಗೇಟಿನಿಂದ ಹೊರಬರಲು ನನಗೆ ಯಾವಾಗಲೂ ಹಿಂದೆ ಮುಂದೆ ಮಾಡಿ ಮೂರು ಸಲ ಬೇಕಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಮನೆ ನಿಶ್ಶಬ್ದವಾಯಿತು. ಒಲೆಯ ಮೇಲೆ ಸಾರು ಕುದಿಯುವ ಸದ್ದು ಕೇಳುತ್ತಿತ್ತು. ಅದನ್ನು ಆರಿಸೋಣವೆಂದು ಹೋದೆ. ಬಂಪರ್ ಕಾರಿನ ಅಗಲಕ್ಕಿರುತ್ತದೆ, ಬಾಗಿಲು ಮನುಷ್ಯನ ಅಗಲಕ್ಕಿರುತ್ತದೆ. ಅಡ್ಡ ಮಾಡಿ, ಓರೆ ಮಾಡಿ, ತಲೆಕೆಳಗು ಮಾಡಿ ನೋಡಿದೆ. ಎರಡೂ ಕೈ ಅಂಟಿಕೊಂಡ ಮನುಷ್ಯ ಬಂಪರನ್ನು ನೆಟ್ಟಗೆ ನಿಲ್ಲಿಸಬೇಕಾದರೆ ತಾನು ಮಲಗಬೇಕಾಗುತ್ತದೆ. ಹೊಸಿಲಲ್ಲಿ ಮಲಗಿಯೂ ನೋಡಿದೆ. ಸಾಧ್ಯವಾಗದೆ ಮರಳಿ ಅಂಗಳಕ್ಕೆ ಬಂದು ಚನ್ನಬಸಪ್ಪನವರ ಕುರ್ಚಿಯ ಮೇಲೆ ಬಂಪರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಗ ಹೆದರಿಕೆ ಶುರುವಾಯಿತು. ಇಷ್ಟು ಹೊತ್ತು ಇದ್ದ ತಮಾಷೆ ಇಳಿದುಹೋಗಿ, ಆ ಮನುಷ್ಯನ ನೀಲಿಗಟ್ಟಿದ ತುಟಿ ಕಣ್ಣ ಮುಂದೆ ಬಂದು ನಿಂತಿತು. ಏನಾದರೂ ಹೆಚ್ಚುಕಡಿಮೆಯಾದರೆ? ವಕೀಲನ ತಲೆ ಕೆಟ್ಟದ್ದು. ಬೇಡವೆಂದರೂ ಕೇಸನ್ನು ಕಟ್ಟತೊಡಗಿತು. ಆರೋಪಿ ಮುಚ್ಚಿದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸುಟ್ಟದ್ದು ನಿಜವೇ? ನಿಜ. ಪಕ್ಕದಲ್ಲಿರುವವರಿಗೆ ದಮ್ಮು ಇದೆಯೆಂದು ತಿಳಿದಿತ್ತೇ? ತಿಳಿದಿತ್ತು. ಎಚ್ಚರಿಕೆಯ ಪುಟ ಕೈಯಲ್ಲೇ ಇತ್ತೇ? ಇತ್ತು ಸ್ವಾಮಿ. ಎಷ್ಟು ಹುಡುಕಿದರೂ ಆರೋಪಿಯ ಪರವಾಗಿ ಒಂದು ಪಾಯಿಂಟು ಸಿಗಲಿಲ್ಲ. ನಾನೇ ಅವನ ವಕೀಲನಾಗಿದ್ದರೆ ವಕಾಲತ್ತು ವಾಪಸ್ ಕೊಡುತ್ತಿದ್ದೆ. ಬೆಳಗಿನಿಂದ ಅವರ ಮಾತು ಯಾವಾಗ ನಿಲ್ಲುತ್ತದೋ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದವನು, ಈಗ ಅವರು ಬಂದು ದಿನವಿಡೀ ಮಾತಾಡಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೈ ಮುಗಿಯಲು ಆಗುತ್ತಿರಲಿಲ್ಲ, ಅಷ್ಟೆ.

ಅದೇ ಹೊತ್ತಿಗೆ ಗೇಟು ತೆಗೆದುಕೊಂಡು ಒಬ್ಬ ಹಿರಿಯ ಕಕ್ಷಿದಾರ ಬಂದರು. ಅಣ್ಣತಮ್ಮಂದಿರ ಪಾಲಿನ ವಿಚಾರ ಕೇಳಲು ದೂರದಿಂದ ಬಸ್ಸಿನಲ್ಲಿ ಬಂದವರು. ನಾನು ತೊಡೆಯ ಮೇಲೆ ಬಂಪರ್ ಇಟ್ಟುಕೊಂಡು, ನಂಬರ್ ಪ್ಲೇಟನ್ನು ಅವರ ಕಡೆ ಮಾಡಿಕೊಂಡು ಕೂತಿದ್ದೆ. ಅವರು ಒಮ್ಮೆ ನೋಡಿದರು. ವಕೀಲರು ಭಾನುವಾರ ಮನೆಯಲ್ಲಿ ಹೀಗೇ ಕೂರುವುದಿರಬಹುದು ಎಂದುಕೊಂಡರೋ ಏನೋ, ಏನೂ ಕೇಳದೆ ಜಗುಲಿಯ ಮೆಟ್ಟಿಲ ಮೇಲೆ ಕೂತು ತಮ್ಮ ಅಜ್ಜನ ಕಾಲದಿಂದ ಕಥೆ ಶುರುಮಾಡಿದರು. ನಾನು ರಸ್ತೆಯ ಕಡೆ ಕಣ್ಣಿಟ್ಟು ಹೂಂಗುಟ್ಟಿದೆ. ಎರಡು ಕಡೆ ಸಲಹೆಯನ್ನೂ ಕೊಟ್ಟೆ. ಕಾಗದಪತ್ರ ನೋಡಿ ಎಂದು ಅವರು ಕೈಚೀಲದಿಂದ ಕಟ್ಟು ತೆಗೆದು ನನ್ನತ್ತ ಚಾಚಿದಾಗ ಮಾತ್ರ ಪ್ರಸಂಗ ಬಿಗಡಾಯಿಸಿತು. ನಾನು ಕೈ ಚಾಚಲಿಲ್ಲ. ಅವರು ಚಾಚಿಯೇ ಇದ್ದರು. ಕೊನೆಗೆ ಸಂಕೋಚದಿಂದ, "ಅದನ್ನ ಒಂಚೂರು ಕೆಳಗಿಡಬಹುದಲ್ದಾ ಸರ್?" ಎಂದರು.

ಇದ್ದ ವಿಷಯ ಹೇಳಿದೆ. ಅವರು ಗಂಭೀರವಾಗಿ ಎದ್ದು, ಮೊದಲು ಒಳಗೆ ಹೋಗಿ ಒಲೆ ಆರಿಸಿ ಬಂದರು. ಸಾರು ತಳ ಹಿಡಿದಿತ್ತಂತೆ. ಆಮೇಲೆ ಹಂಡೆಯಲ್ಲಿ ಉಳಿದಿದ್ದ ಬಿಸಿನೀರನ್ನು ಬಕೆಟ್ಟಿಗೆ ತೋಡಿ, ಸೋಪು ಕದಡಿ, ಚೊಂಬಿನಿಂದ ನನ್ನ ಕೈಮೇಲೆ ಸುರಿಯುತ್ತಾ ನಿಂತರು. ಸುರಿಯುವಾಗಲೂ ಅವರ ಚಿಕ್ಕಪ್ಪ ಯಾವ ಗದ್ದೆ ಹೊಡೆದುಕೊಂಡ ಎಂಬುದನ್ನು ನಿಲ್ಲಿಸಲಿಲ್ಲ. ಒಂದೊಂದೇ ಬೆರಳು, ತನ್ನ ಚರ್ಮದ ಸ್ವಲ್ಪ ಭಾಗವನ್ನು ಬಂಪರಿಗೆ ಬಿಟ್ಟುಕೊಟ್ಟು, ಈಚೆ ಬಂತು. ಅಂಗೈ ಕೊನೆಗೆ ಬಂತು. ಬಿರುಕಿನ ಉದ್ದಕ್ಕೂ ನನ್ನ ಬೆರಳಚ್ಚುಗಳು ಪೊಲೀಸರು ತೆಗೆದದ್ದಕ್ಕಿಂತ ಸ್ಪಷ್ಟವಾಗಿ ಮೂಡಿದ್ದವು. ಅವರಿಗೆ ಕಾಫಿ ಮಾಡಿಕೊಡುವಷ್ಟು ನನ್ನ ಕೈ ಸರಿಯಿರಲಿಲ್ಲ. ಅವರೇ ಇಬ್ಬರಿಗೂ ಮಾಡಿದರು.

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ಕಾರು ಬಂತು. ನಾನು ಗೇಟಿನವರೆಗೆ ಓಡಿದೆ. ಮುಂದಿನ ಸೀಟಿನಲ್ಲಿ ಚನ್ನಬಸಪ್ಪನವರು ನೆಟ್ಟಗೆ ಕೂತಿದ್ದರು. ತುಟಿ ತುಟಿಯ ಬಣ್ಣಕ್ಕೇ ಬಂದಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕು ಹಾಕಿ ಔಷಧಿಯ ಹಬೆ ಕೊಟ್ಟರು, ಒಂದು ಇಂಜೆಕ್ಷನ್ನೂ ಕೊಟ್ಟರು, ಇನ್ನೊಂಚೂರು ತಡವಾಗಿದ್ದರೆ ಕಷ್ಟವಿತ್ತು ಅಂದರು ಎಂದು ಗಂಗಮ್ಮ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು. ದಾರಿಯಲ್ಲಿ ಎದುರು ಬಂದ ಲಾರಿಗೆ ವಿಶಾಲಾಕ್ಷಿ ಹೇಗೆ ಸೈಡು ಕೊಟ್ಟಳು, ಪೇಟೆಯಲ್ಲಿ ನಂಬರ್ ಪ್ಲೇಟ್ ಎಲ್ಲಿ ಎಂದು ಕೇಳಿದ ಪೊಲೀಸಿನವನಿಗೆ "ಮನೆಯವರ ಕೈಲಿದೆ" ಎಂದು ಹೇಗೆ ನಿಜವನ್ನೇ ಹೇಳಿದಳು, ಅವನು ಒಳಗೆ ಬಗ್ಗಿ ನೋಡಿ ತಾನೇ ಮುಂದೆ ಓಡಿ ಹೇಗೆ ದಾರಿ ಬಿಡಿಸಿದ ಎಂಬುದನ್ನೆಲ್ಲ ವಿವರವಾಗಿ ಹೇಳಿದರು. ನಾನು ಚನ್ನಬಸಪ್ಪನವರ ಕೈ ಹಿಡಿದುಕೊಂಡು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಬೇಡ ಎಂಬಂತೆ ತಲೆಯಾಡಿಸಿ, ನನ್ನ ಸುಲಿದ ಬೆರಳುಗಳನ್ನು ತಿರುಗಿಸಿ ನೋಡಿ, ಏದುಸಿರಿನಲ್ಲೇ ಒಂದು ಮಾತು ಹೇಳಿದರು.

"ಆ ಕೊನೆಯ ಸಂದು ನೀವು ಬಿಟ್ಟಿರಿ ವಕೀಲ್ರೆ. ನಾನು ಹೇಳಿದ್ದೆ."

ನನಗೆ ಹೋದ ಜೀವ ಬಂದಂತಾಯಿತು.

ರಾತ್ರಿ ವಿಶಾಲಾಕ್ಷಿ ನನ್ನ ಬೆರಳುಗಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ನೀನು ಚೆನ್ನಾಗಿ ಓಡಿಸ್ತೀಯ ಎಂದೆ. ಅವಳು ಸುತ್ತುವುದನ್ನು ನಿಲ್ಲಿಸದೆ, ಸೀತೂರಿನ ಇಳಿಜಾರಿನಲ್ಲಿ ಅಪ್ಪನ ಟ್ರ್ಯಾಕ್ಟರನ್ನು ಮದುವೆಗೆ ಮೊದಲೇ ಓಡಿಸುತ್ತಿದ್ದೆ ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಇದನ್ನು ನನಗೆ ಹೇಳೇ ಇರಲಿಲ್ಲವಲ್ಲ ಎಂದು ಆಕ್ಷೇಪಿಸಿದೆ. "ನೀವು ಕೇಳ್ಲಿಲ್ಲ" ಎಂದಳು. ಪಾಟೀಸವಾಲಿನಲ್ಲಿ ಹೆಸರು ಮಾಡಿದವನು ಕೇಳಬೇಕಾದ ಒಂದು ಪ್ರಶ್ನೆಯನ್ನು ಬಿಟ್ಟಿದ್ದೆ.

ಬಂಪರನ್ನು ಮರುದಿನ ನರಸಿಂಹರಾಜಪುರದ ಗ್ಯಾರೇಜೊಂದರಲ್ಲಿ ಕೂರಿಸಿಕೊಂಡು ಬಂದೆವು. ಓಡಿಸಿದ್ದು ಅವಳೇ, ನನ್ನ ಕೈಗೆ ಬಟ್ಟೆ ಸುತ್ತಿತ್ತಲ್ಲ. ಕೈ ವಾಸಿಯಾಯಿತು, ಬಟ್ಟೆ ಬಿಚ್ಚಿದ್ದಾಯಿತು, ಆದರೆ ಕೀಲಿ ನನ್ನ ಜೇಬಿಗೆ ಮರಳಿ ಬರಲಿಲ್ಲ. ಅವಳ ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ ಸುಖವಾಗಿತ್ತು. ಈಗ ಇಬ್ಬರೂ ಒಟ್ಟಿಗೇ ಕೊಪ್ಪಕ್ಕೆ ಹೋಗತೊಡಗಿದೆವು. ಒಂದು ಬೆಳಿಗ್ಗೆ ಕೋರ್ಟಿನ ಮುಂದೆ ನಾನು ಎಡಗಡೆಯ ಬಾಗಿಲಿನಿಂದ ಇಳಿಯುವುದನ್ನು ಕಂಡ ಸಹೋದ್ಯೋಗಿಯೊಬ್ಬರು, ಏನು ವಿಶೇಷ ಎಂಬಂತೆ ಹುಬ್ಬೇರಿಸಿದರು. ಮಾನ ಉಳಿಸಿಕೊಳ್ಳುವ ಅವಸರದಲ್ಲಿ, "ಓಡಿಸಿ ಸಾಕಾಯಿತು ಸ್ವಾಮಿ, ಡ್ರೈವರ್ ಇಟ್ಕೊಂಡಿದೀನಿ" ಎಂದುಬಿಟ್ಟೆ. ಕಿಟಕಿಯ ಗಾಜು ಇಳಿಸಿತ್ತು. ಅವಳು ಗೇರು ಹಾಕಿ ಹೊರಟುಹೋದಳು.

ಆ ಭಾನುವಾರ ನರಸಿಂಹರಾಜಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಪಕ್ಕ ನಿಂತು ಕೆಮ್ಮಿದೆ. ವಿಶಾಲಾಕ್ಷಿ ಜಗುಲಿಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದಳು. ತಡವಾಗುತ್ತೆ ಎಂದೆ. ಅವಳು ಪುಟ ತಿರುಗಿಸಿ, ಡ್ರೈವರಿಗೆ ಭಾನುವಾರ ರಜೆ ಎಂದಳು. ಹಾಗಾದರೆ ಡ್ರೈವರಿನ ಹತ್ತಿರ ಕೀಲಿ ಇಸಿದುಕೊಡು ಎಂದು ಕೇಳುವ ಧೈರ್ಯ ಮಾಡಲಿಲ್ಲ. ನಡೆದುಕೊಂಡು ಬಸ್ ಸ್ಟಾಪಿಗೆ ಹೋದೆ. ಅದೃಷ್ಟಕ್ಕೆ ಡ್ರೈವರಿನ ಬೆನ್ನ ಹಿಂದಿನ ಸೀಟೇ ಸಿಕ್ಕಿತು. ನರಸಿಂಹರಾಜಪುರ ಬರುವವರೆಗೂ ಅವನಿಗೆ ಯಾವ ತಿರುವಿನಲ್ಲಿ ಯಾವ ಗೇರು ಹಾಕಬೇಕು, ಎಲ್ಲಿ ಹಾರ್ನ್ ಮಾಡಬೇಕು, ಎಲ್ಲಿ ಎಡಕ್ಕೆ ಸರಿಯಬೇಕು ಎಂದು ಹೇಳುತ್ತಾ ಹೋದೆ. ಒಳ್ಳೆಯ ಮನುಷ್ಯ. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.